ಹಳೆಯ ಬೆನ್ನುನೋವಿಗೆ ಚೀನೀ ಚಿಕಿತ್ಸೆ: ಯಾವುದು ಮೊದಲು, ಯಾವುದು ಕೊನೆಗೆ

ಮೂರು ತಿಂಗಳು ಕಳೆದರೂ ಬಿಡದ ಬೆನ್ನುನೋವನ್ನು ವೈದ್ಯರು ದೀರ್ಘಕಾಲಿಕ ಎಂದು ಕರೆಯುತ್ತಾರೆ. ಎಕ್ಸ್‌ರೇ, ಎಂಆರ್‌ಐ ಎಲ್ಲ ಮುಗಿದು, ಶಸ್ತ್ರಚಿಕಿತ್ಸೆ ಬೇಕಿಲ್ಲವೆಂದು ಖಚಿತವಾದ ಮೇಲೂ ನೋವು ಉಳಿದುಕೊಂಡವರು ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆ, ಬಟ್ಟಲು ಅಂಟಿಸುವ ಕಪ್ಪಿಂಗ್‌ಗಳತ್ತ ಹೊರಳುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಸೊಂಟನೋವಿನ ಮಾರ್ಗಸೂಚಿಯೂ ಸೂಜಿ ಚಿಕಿತ್ಸೆಗೆ ಮತ್ತು ಅಂಗಮರ್ದನಕ್ಕೆ ಷರತ್ತುಬದ್ಧವಾಗಿ ಸಮ್ಮತಿ ನೀಡಿದೆ. ಆದರೆ ಚೀನೀ ಪಾರಂಪರಿಕ ವೈದ್ಯವೆಂಬ ಒಂದೇ ಹೆಸರಿನಡಿ ಬರುವ ಚಿಕಿತ್ಸೆಗಳೆಲ್ಲ ಸಮಾನ ತೂಕದವಲ್ಲ. ಸೂಜಿಯಿಂದ ಆರಂಭಿಸಿ, ಶಾಖ ಮತ್ತು ಮರ್ದನವನ್ನು ಅದರ ಜೊತೆಗೆ ಇಟ್ಟುಕೊಂಡು, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯನ್ನು ಕಟ್ಟಕಡೆಗೆ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲಕ್ಕಿಂತ ಮೊದಲು, ಯಾರು ಈ ದಾರಿ ಹಿಡಿಯಬಾರದು ಎಂಬುದನ್ನು ತಿಳಿಯಬೇಕು. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶವೇ ತಿಳಿಯದಂತಾದರೆ, ಕಾಲಿನ ಬಲ ದಿನೇದಿನೇ ಕುಗ್ಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಇದ್ದ ಇತಿಹಾಸ ಅಥವಾ ಬಿದ್ದು ಪೆಟ್ಟಾದ ಪ್ರಸಂಗ ಇದ್ದರೂ ಮೊದಲು ತಜ್ಞವೈದ್ಯರ ತಪಾಸಣೆಯಾಗಲೇಬೇಕು. ಇಂಥ ಲಕ್ಷಣಗಳಿರುವಾಗ ಸೂಜಿ ಚಿಕಿತ್ಸೆಯಲ್ಲಿ ಕಳೆದ ವಾರಗಳನ್ನು ಮರಳಿ ಪಡೆಯಲಾಗದು.

ಚಿಕಿತ್ಸಕರನ್ನು ಆರಿಸುವಾಗ ಸಂಕೋಚ ಬೇಡ. ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಗುರುತಿಸಿದ್ದು 2019ರ ಫೆಬ್ರವರಿಯಲ್ಲಿ. ಪಶ್ಚಿಮ ಬಂಗಾಳ ಮತ್ತು ಮಹಾರಾಷ್ಟ್ರಗಳು ಅದಕ್ಕಿಂತ ಮೊದಲೇ ತಮ್ಮದೇ ಕಾನೂನು ಮಾಡಿಕೊಂಡಿವೆ. ಫಲಕದ ಮೇಲಿನ ಹೆಸರನ್ನಷ್ಟೇ ನಂಬದೆ, ಎಲ್ಲಿ ಕಲಿತಿರಿ, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ಒಮ್ಮೆ ಬಳಸಿ ಬಿಸಾಡುವ ಸೂಜಿಯ ಮೊಹರಾದ ಪೊಟ್ಟಣವನ್ನು ನನ್ನೆದುರಿಗೇ ತೆರೆಯುತ್ತೀರಾ ಎಂದು ನೇರವಾಗಿ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಧಾರಣೆ, ಮಧುಮೇಹ, ಹೃದಯದಲ್ಲಿ ಅಳವಡಿಸಿದ ಪೇಸ್‌ಮೇಕರ್ ಇವುಗಳ ಬಗ್ಗೆ ಅವರು ಕೇಳದಿದ್ದರೂ ನೀವೇ ಹೇಳಿ. ಪೇಸ್‌ಮೇಕರ್ ಇರುವವರು ಸೂಜಿಗೆ ವಿದ್ಯುತ್ ಹರಿಸುವ ವಿಧಾನದಿಂದ ದೂರವಿರಬೇಕು.

ಮೊದಲ ಭೇಟಿಯಲ್ಲಿ ಚಿಕಿತ್ಸಕರು ನಾಲಿಗೆ ನೋಡಿ, ಎರಡೂ ಮಣಿಕಟ್ಟಿನ ನಾಡಿ ಹಿಡಿದು, ನೋವು ಮಳೆಗಾಲದಲ್ಲಿ ಹೆಚ್ಚುತ್ತದೆಯೇ, ಒಂದೇ ಕಡೆ ಚುಚ್ಚುತ್ತದೆಯೇ, ಮಲಗಿದರೆ ಕಡಿಮೆಯಾಗುತ್ತದೆಯೇ ಎಂದು ಕೇಳುತ್ತಾರೆ. ಶೀತ-ತೇವ, ರಕ್ತದ ಜಡತೆ, ಮೂತ್ರಪಿಂಡದ ದೌರ್ಬಲ್ಯ ಎಂದು ಆ ಪರಂಪರೆ ನೋವನ್ನು ವಿಂಗಡಿಸುವುದು ಈ ಉತ್ತರಗಳ ಆಧಾರದ ಮೇಲೆ. ಮೂತ್ರಪಿಂಡ ದುರ್ಬಲವಾಗಿದೆ ಎಂದು ಅವರು ಹೇಳಿದರೆ ಗಾಬರಿಯಾಗಬೇಡಿ. ಅದು ಆ ಶಾಸ್ತ್ರದ ಪರಿಕಲ್ಪನೆಯೇ ಹೊರತು ರಕ್ತಪರೀಕ್ಷೆಯಲ್ಲಿ ಕಾಣುವ ಕಾಯಿಲೆಯಲ್ಲ.

ಸೂಜಿ ಚಿಕಿತ್ಸೆಗೆ ಹಸಿದ ಹೊಟ್ಟೆಯಲ್ಲಿ ಹೋಗಬಾರದು, ತಲೆಸುತ್ತು ಬರುವ ಸಂಭವವಿದೆ. ಹೊಟ್ಟೆ ಕೆಳಗಾಗಿ ಮಲಗಿಸಿ, ಕಣಕಾಲಿನ ಕೆಳಗೆ ದಿಂಬಿಟ್ಟು, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಚರ್ಮ ಒರೆಸುತ್ತಾರೆ. ಕೂದಲಿಗಿಂತ ಕೆಲವು ಪಟ್ಟು ದಪ್ಪವಾದ, ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಆಸುಪಾಸಿನ ಸೂಜಿಯನ್ನು ಸಣ್ಣ ಕೊಳವೆಯೊಳಗಿಂದ ತಟ್ಟಿ ಇಳಿಸುವಾಗ ಇರುವೆ ಕಚ್ಚಿದಷ್ಟೇ ಅರಿವಾಗುತ್ತದೆ. ಅನಂತರ ಅದನ್ನು ಮೆಲ್ಲಗೆ ತಿರುಗಿಸಿದಾಗ ಒಳಗೆ ಭಾರ, ಜೋಮು, ಮಂದವಾದ ಎಳೆತ ಹುಟ್ಟುತ್ತದೆ. ಚೀನೀ ಚಿಕಿತ್ಸಕರು ಬಯಸುವುದು ಇದನ್ನೇ. ಆದರೆ ಕಾಲಿನುದ್ದಕ್ಕೂ ಕರೆಂಟ್ ಹೊಡೆದಂತಾದರೆ ತಕ್ಷಣ ಹೇಳಬೇಕು. ಸೊಂಟದ ನೋವಿಗೆ ಸೂಜಿ ಚುಚ್ಚುವ ಮುಖ್ಯ ಬಿಂದುಗಳು ಸೊಂಟಭಾಗದ ಎರಡನೆಯ ಬೆನ್ನೆಲುಬಿನ ಮಣಿಯ ಇಕ್ಕೆಲಗಳಲ್ಲಿರುವ ಶೆನ್‌ಶು ಮತ್ತು ಮಂಡಿಯ ಹಿಂಬದಿಯ ಮಡಿಕೆಯ ನಡುವಿನ ವೇಯ್‌ಚುಂಗ್. ಬಿಂದುವಿನ ದೂರವನ್ನು ರೋಗಿಯ ಬೆರಳಿನ ಅಗಲದಿಂದಲೇ ಅಳೆಯುವ ಕ್ರಮವಿದ್ದು, ನಮ್ಮ ಆಯುರ್ವೇದದ ಅಂಗುಲದ ಅಳತೆಯನ್ನು ಬಲ್ಲವರಿಗೆ ಇದು ಹೊಸತೆನಿಸದು. ಸೂಜಿಗಳನ್ನು 20ರಿಂದ 30 ನಿಮಿಷ ಹಾಗೆಯೇ ಬಿಡುತ್ತಾರೆ.

ಇದು ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ? ಜರ್ಮನಿಯಲ್ಲಿ 1,162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಆರು ತಿಂಗಳ ನಂತರ ನಿಜವಾದ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ 47.6, ಬಿಂದುವಲ್ಲದ ಕಡೆ ಆಳಕ್ಕಿಳಿಸದೆ ಚರ್ಮದ ಮೇಲ್ಪದರದಲ್ಲಷ್ಟೇ ಚುಚ್ಚಿಸಿಕೊಂಡವರಲ್ಲಿ ಶೇ 44.2, ಮಾತ್ರೆ-ವ್ಯಾಯಾಮಗಳ ರೂಢಿಯ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 27.4 ಮಂದಿಗೆ ಗುಣ ಕಂಡಿತು. ಸೂಜಿಯಿಂದ ಪ್ರಯೋಜನವಿದೆ, ಆದರೆ ಅದು ಬಿಂದುವಿನ ನಿಖರತೆಯಿಂದಲೇ ಬರುತ್ತದೆಂಬುದಕ್ಕೆ ಇಲ್ಲಿ ಆಧಾರವಿಲ್ಲ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಇದನ್ನು ಶಿಫಾರಸು ಮಾಡಿದರೆ, ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2016ರಲ್ಲಿ ಬೇಡವೆಂದಿತು. ಪೂರ್ತಿ ವಾಸಿಯಾಗುವುದೆಂಬ ಭರವಸೆ ಕೊಡುವವರಿಂದ ದೂರವಿರಲು ಇಷ್ಟು ತಿಳಿದರೆ ಸಾಕು.

ಕಪ್ಪಿಂಗ್‌ನಲ್ಲಿ ಗಾಜಿನ ಬಟ್ಟಲೊಳಗೆ ಕ್ಷಣಕಾಲ ಉರಿಯಾಡಿಸಿ ಚರ್ಮಕ್ಕೆ ಅಂಟಿಸಿದಾಗ, ಒಳಗಿನ ಗಾಳಿ ತಣಿದು ಕುಗ್ಗಿ ಚರ್ಮ ಮೇಲಕ್ಕೆ ಉಬ್ಬುತ್ತದೆ. ಐದರಿಂದ ಹದಿನೈದು ನಿಮಿಷ ಸಾಕು. ಉಳಿಯುವ ನೇರಳೆ ಗುರುತು ಕೆಲವು ದಿನಗಳಲ್ಲಿ ಮಾಸುತ್ತದೆ. ಅದನ್ನು ಹೊರಬಂದ ವಿಷವೆಂದು ಹೇಳುವವರುಂಟು, ಅದು ಚರ್ಮದಡಿ ಒಸರಿದ ರಕ್ತವಷ್ಟೇ. ಮಾಕ್ಸಾ ಚಿಕಿತ್ಸೆಯಲ್ಲಿ, ಗಣೇಶನ ಪೂಜೆಗೆ ನಾವು ತರುವ ಮಾಚಿಪತ್ರೆಯ ಕುಲಕ್ಕೇ ಸೇರಿದ ಗಿಡದ ಒಣ ಎಲೆಯನ್ನು ಬತ್ತಿಯಂತೆ ಸುತ್ತಿ ಹೊತ್ತಿಸಿ, ಚರ್ಮಕ್ಕೆ ತಾಗಿಸದೆ ಎರಡು-ಮೂರು ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತಾರೆ. ಬೆಚ್ಚಗಿನ ಹಿತ ನಿಜ, ಹೊಗೆಯೂ ನಿಜ. ಉಬ್ಬಸ ಇರುವವರಿಗೆ ಇದು ಬೇಡ. ಮಧುಮೇಹದಿಂದ ಸ್ಪರ್ಶ ಕುಂದಿದವರು ಸುಟ್ಟದ್ದೇ ತಿಳಿಯದೆ ಗಾಯ ಮಾಡಿಕೊಳ್ಳುವ ಅಪಾಯವಿರುವುದರಿಂದ ಅವರಿಗೂ ಸಲ್ಲದು. ತುಯ್‌ನಾ ಎಂಬ ಅಂಗಮರ್ದನವು ಒತ್ತುವ, ಉರುಳಿಸುವ, ನಾದುವ ಕ್ರಮವಾಗಿದ್ದು, ಮೂಳೆ ಟೊಳ್ಳಾಗಿರುವ ಹಿರಿಯರು ಬೆನ್ನನ್ನು ಜೋರಾಗಿ ತಿರುಚಲು ಬಿಡಬಾರದು.

ಕಷಾಯ, ಗುಳಿಗೆಗಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಏಳನೆಯ ಶತಮಾನದ ಚೀನೀ ವೈದ್ಯ ಸುನ್ ಸಿಮಿಯಾವ್ ಅವರ ಗ್ರಂಥದಲ್ಲಿ ಬರುವ ಡುಹುವೊ ಜಿಶೆಂಗ್ ಕಷಾಯ ಇಂದಿಗೂ ಸೊಂಟನೋವಿಗೆ ಬಳಕೆಯಲ್ಲಿದೆ. ಅದರಲ್ಲಿರುವ ಡಾಂಗ್‌ಗುಯಿ ಬೇರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯೊಡನೆ ಸೇರಿದರೆ ರಕ್ತಸ್ರಾವಕ್ಕೆ ಎಡೆಯಾಗಬಹುದು. ನೋವಿಗೆ ಕೊಡುವ ಕೆಲವು ಚೀನೀ ಔಷಧಿಗಳಲ್ಲಿ ವತ್ಸನಾಭಿ ಎಂಬ ವಿಷಗಿಡದ ಜಾತಿಯ ಬೇರು ಇರುತ್ತದೆ, ಸರಿಯಾಗಿ ಶುದ್ಧಿಯಾಗದಿದ್ದರೆ ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಕೊಟ್ಟ ಗುಳಿಗೆಯೊಳಗೆ ಒಂದು ಬೇರಿನ ಬದಲಿಗೆ ಅರಿಸ್ಟೊಲೋಕಿಕ್ ಆಮ್ಲವಿದ್ದ ಇನ್ನೊಂದು ಬೇರು ಸೇರಿ ಹಲವು ಮಹಿಳೆಯರ ಮೂತ್ರಪಿಂಡಗಳೇ ಹೋದವು. ಪೂರ್ತಿ ಘಟಕಗಳ ಪಟ್ಟಿಯಿಲ್ಲದ ಔಷಧಿಯನ್ನು, ಆನ್‌ಲೈನ್‌ನಲ್ಲಿ ಸಿಗುವ ಗುಳಿಗೆಯನ್ನು ತೆಗೆದುಕೊಳ್ಳಲೇಬೇಡಿ.

ಚಿಕಿತ್ಸೆ ಆರಂಭಿಸುವ ಮುನ್ನ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು ಬರೆದಿಡಿ. ಜೊತೆಗೆ ನೋವಿಲ್ಲದೆ ಎಷ್ಟು ಹೊತ್ತು ಕೂರಬಲ್ಲಿರಿ, ನೀರು ತುಂಬಿದ ಬಕೆಟ್ ಎತ್ತಲಾಗುತ್ತದೆಯೇ ಎಂಬುದನ್ನೂ ಗುರುತು ಮಾಡಿಕೊಳ್ಳಿ. ದಿನದ ನಡಿಗೆ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ, ಇಲ್ಲವೇ ತಾಯ್‌ಚಿ ಎಂಬ ನಿಧಾನಗತಿಯ ಚೀನೀ ವ್ಯಾಯಾಮ ನಿಲ್ಲಬಾರದು. ಅಮೆರಿಕ ಸರ್ಕಾರವು ಮುಖ್ಯವಾಗಿ ಹಿರಿಯರಿಗಾಗಿ ನಡೆಸುವ ಮೆಡಿಕೇರ್ ವಿಮೆಯು 2020ರಿಂದ ದೀರ್ಘಕಾಲಿಕ ಸೊಂಟನೋವಿಗೆ 90 ದಿನಗಳಲ್ಲಿ 12 ಸಲದ ಅಕ್ಯುಪಂಕ್ಚರ್ ವೆಚ್ಚ ಭರಿಸುತ್ತಿದ್ದು, ಗುಣ ಕಂಡವರಿಗೆ ಮಾತ್ರ ಇನ್ನೂ 8 ಸಲ ಒಪ್ಪುತ್ತದೆ. ಅಲ್ಲಿ ಮೆಡಿಕೇರ್ ಇರುವ ಕನ್ನಡಿಗ ಹಿರಿಯರಿಗೆ ಈ ಸೌಲಭ್ಯ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೈಯಿಂದ ಹಣ ಕೊಡುವ ಇಲ್ಲಿಯವರಿಗೂ ಆ ಲೆಕ್ಕ ಒಳ್ಳೆಯ ಮಿತಿ. ಹನ್ನೆರಡನೆಯ ಸಲದ ಹೊತ್ತಿಗೆ ಬರೆದಿಟ್ಟ ಅಂಕ ಕದಲದಿದ್ದರೆ ಅಲ್ಲಿಗೆ ನಿಲ್ಲಿಸಿ, ಆ ಚೀಟಿಯೊಂದಿಗೆ ನಿಮ್ಮ ವೈದ್ಯರನ್ನು ಮತ್ತೆ ಕಾಣಿರಿ.