ಕತ್ತಿ ನಿಲ್ಲಿಸಿ, ನಗು ಬರುವ ಜಾಗ ಬಂತು

ಹಾಸ್ಯದ ಪುಸ್ತಕ ಓದುವುದನ್ನು ನಾನು ಸರಿಯಾಗಿ ಕಲಿತದ್ದು ಅಡಿಕೆ ಸುಲಿಯುವ ಜಾಗದಲ್ಲಿ. ಅದಕ್ಕೂ ಮೊದಲು ಓದುತ್ತಿರಲಿಲ್ಲ ಅಂತಲ್ಲ, ಸಿಕ್ಕಾಪಟ್ಟೆ ಓದುತ್ತಿದ್ದೆ. ಆದರೆ ಒಬ್ಬನೇ ಕೂತು ಓದುವಾಗ ಒಂದು ತೊಂದರೆ ಇದೆ. ನಿಜವಾಗಿ ನಗು ಬಂದು ನಗ್ತಾ ಇದ್ದೇನಾ, ಇಲ್ಲಾ ಬರೆದವರ ಹೆಸರು ದೊಡ್ಡದು ಅಂತ ನಗ್ತಾ ಇದ್ದೇನಾ, ಗೊತ್ತೇ ಆಗುವುದಿಲ್ಲ.

ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ತೋಟ. ಕೊಯ್ಲು ಶುರುವಾದರೆ ರಾತ್ರಿ ಹತ್ತು, ಹನ್ನೊಂದರ ತನಕ ಸುಲಿಯುವ ಕೆಲಸ. ಎಂಟು ಹತ್ತು ಜನ ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ, ಮುಂದಿಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಕೈ ನಿಲ್ಲುವ ಹಾಗಿಲ್ಲ. ಆದರೆ ಒಂಬತ್ತು ಗಂಟೆಗೆಲ್ಲ ಕಣ್ಣು ಎಳೆಯತೊಡಗುತ್ತದೆ. ಆಗ ನಮ್ಮಲ್ಲಿ ರೇಡಿಯೋ ಇತ್ತು. ಒಂದು ವರ್ಷ ಅದು ಕೆಟ್ಟು ಕೂತಿತು. "ಎಂತಾದ್ರೂ ಓದಿ ಮಾರಾಯ್ರೇ, ನಿಮ್ಮನೇಲಿ ಪುಸ್ತಕಕ್ಕೇನು ಬರಗಾಲವಾ?" ಎಂದರು ಸಾಲಿನ ಕೊನೆಯಲ್ಲಿ ಕೂರುವ ಅಜ್ಜಿ. ಎಪ್ಪತ್ತು ದಾಟಿದವರು, ಓದು ಬರಹ ಬಾರದು, ಸುಲಿಯುವುದರಲ್ಲಿ ಎಲ್ಲರಿಗಿಂತ ಮುಂದೆ.

ಕೈಗೆ ಸಿಕ್ಕಿದ್ದು ಬೀಚಿಯವರದು. ರಾಯಸಂ ಭೀಮಸೇನರಾವ್ ಎಂಬ ಹೆಸರನ್ನು ಚಿಕ್ಕದು ಮಾಡಿ, ಕನ್ನಡದ 'ಬೀ'ಗೆ ಇಂಗ್ಲಿಷಿನ 'ಚಿ' ಅಂಟಿಸಿಕೊಂಡ ಮನುಷ್ಯ. ಅವರ ತಮಾಷೆ ಪಾತ್ರ ತಿಂಮನನ್ನು ಓದಿದೆ. ಎರಡನೇ ಪುಟಕ್ಕೇ ಸಾಲು ಸಾಲು ನಗು. ಮೂರನೇ ಪುಟಕ್ಕೆ ಒಬ್ಬ ಹುಡುಗ ಬೆರಳು ಕೊಯ್ದುಕೊಂಡ.

ಅದಾದ ಮೇಲೆ ನಿಯಮವೊಂದು ಹುಟ್ಟಿತು. ಜೋರು ನಗು ಬರುವ ಜಾಗ ಹತ್ತಿರ ಬಂದರೆ ನಾನು "ಕತ್ತಿ ನಿಲ್ಸಿ" ಅನ್ನಬೇಕು. ಇದರಿಂದ ಆದ ಅನಾಹುತ ಕೇಳಿ. ಕತ್ತಿ ನಿಲ್ಲಿಸಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ಕೂತರೆ, ಎಂಥ ಒಳ್ಳೆಯ ಮಾತೂ ಸತ್ತು ಬೀಳುತ್ತದೆ. ನಗು ಬರುತ್ತದೆ ಅಂತ ಮೊದಲೇ ಹೇಳಿದರೆ ನಗು ಬರುವುದಿಲ್ಲ. ಕೊನೆಗೆ ಉಪಾಯ ಮಾಡಿದೆ. ಆ ಜಾಗಕ್ಕೆ ಎರಡು ವಾಕ್ಯ ಮೊದಲೇ ನಿಲ್ಲಿಸಿ ಎಲೆ ಅಡಿಕೆ ತಟ್ಟೆ ಮುಂದೆ ತಳ್ಳುವುದು. ಎಲ್ಲರೂ ಕತ್ತಿ ಬಿಟ್ಟು ಎಲೆಗೆ ಸುಣ್ಣ ಹಚ್ಚುವಾಗ, ಏನೂ ಆಗದವನಂತೆ ಮುಂದಿನ ಸಾಲು ಓದುವುದು. ಬಾಯಲ್ಲಿ ಎಲೆ ಇಟ್ಟುಕೊಂಡು ನಕ್ಕರೆ ಬೇರೆ ತೊಂದರೆ ಇದೆ, ಆದರೆ ಬೆರಳಂತೂ ಉಳಿಯಿತು.

ಹೀಗೆ ಏಳೆಂಟು ಕೊಯ್ಲು ಓದಿದ್ದೇನೆ. ಮಧ್ಯಾಹ್ನವೇ ಪುಸ್ತಕ ತೆಗೆದು ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತೇನೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪ್ಯಾರಾ ಬಿಡಬೇಕು. ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು. ಎಂಥ ಸಂದರ್ಭದಲ್ಲೂ ಅರ್ಥ ವಿವರಿಸಬಾರದು. ವಿವರಿಸಿದ ಜೋಕು ಆರಿದ ಕಾಫಿ.

ಯಾವುದು ಗೆದ್ದಿತು, ಯಾವುದು ಸೋತಿತು ಎನ್ನುವುದು ನನ್ನ ಊಹೆಗೆ ಸಿಗಲೇ ಇಲ್ಲ. ಕೈಲಾಸಂ ನಾಟಕ ಗೆಲ್ಲುತ್ತದೆ ಎಂದುಕೊಂಡಿದ್ದೆ, ಒಂದೊಂದು ಪಾತ್ರಕ್ಕೆ ಒಂದೊಂದು ದನಿ ಬೇರೆ ಮಾಡಿದ್ದೆ. ಆ ಮಾತಿನಲ್ಲಿ ಬೆರೆತ ಇಂಗ್ಲಿಷೇ ಅಡ್ಡ ಬಂತು. ನಾನು ಉಸಿರು ಬಿಗಿಹಿಡಿದು ನಟಿಸಿದ್ದನ್ನು ನೋಡಿ ಮಾತ್ರ ನಕ್ಕರು. ಕಸ್ತೂರಿಯವರ ಅನರ್ಥಕೋಶ ಪದಗಳಿಗೆ ತಮಾಷೆಯ ಅರ್ಥ ಕೊಡುವ ನಿಘಂಟು, ಸಾಲಾಗಿ ಓದಿದರೆ ಯಾರಿಗೂ ಬೇಡ. ಅದೇ, ಡಬ್ಬ ತುಂಬಿ ಸುರಿಯುವ ಬಿಡುವಿನಲ್ಲಿ ಒಂದೇ ಒಂದು ಪದ ಓದಿದರೆ ಗೆಲ್ಲುತ್ತದೆ. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' 1933ರ ಪುಸ್ತಕ. ಅದರ 'ಅಜ್ಜಯ್ಯನ ಅಭ್ಯಂಜನ' ಓದಿದಾಗ ನಗುವಿಗಿಂತ ಜಾಸ್ತಿ ಜಗಳವೇ ಆಯಿತು. ಎಣ್ಣೆ ಸ್ನಾನಕ್ಕೆ ನೀರು ಎಷ್ಟು ಬಿಸಿ ಇರಬೇಕು ಎಂಬುದರ ಮೇಲೆ.

ಎಲ್ಲಕ್ಕಿಂತ ಗೆದ್ದಿದ್ದು ತೇಜಸ್ವಿಯವರ 'ಕರ್ವಾಲೊ'. ಎರಡು ವಾರ ಕಂತಿನಲ್ಲಿ ಓದಿದೆ. ಜೇನಿನ ಮಂದಣ್ಣನನ್ನು ಎಲ್ಲರೂ ಗುರುತು ಹಿಡಿದರು. ಒಬ್ಬೊಬ್ಬರ ಊರಲ್ಲೂ ಅವನೊಬ್ಬ ಇದ್ದ. ಹಾರುವ ಓತಿ ಹುಡುಕಿಕೊಂಡು ವಿಜ್ಞಾನಿಯ ಜೊತೆ ದಂಡೇ ಕಾಡಿಗೆ ಹೊರಟಾಗ ಅಜ್ಜಿಗೆ ತಡೆಯಲಾಗಲಿಲ್ಲ. "ಅಯ್ಯೋ, ಓತಿ ನೋಡೋಕೆ ಕಾಡಿಗೆ ಯಾಕೆ ಹೋದ್ರು? ನಮ್ಮ ತೋಟದಲ್ಲೇ ಮರದಿಂದ ಮರಕ್ಕೆ ಹಾರ್ತಿರ್ತದಲ್ಲ!" ಕಾದಂಬರಿಯ ಓತಿ ಯುಗಯುಗಗಳ ಹಿಂದಿನ ಜೀವಿ, ಅದರ ತೂಕ ಬೇರೆ. ಆದರೆ ಅಜ್ಜಿ ಹೇಳಿದ್ದೂ ಸುಳ್ಳಲ್ಲ. ಪಕ್ಕೆಲುಬಿನ ಚರ್ಮ ಬಿಚ್ಚಿ ತೇಲುವ ಓತಿ ನಮ್ಮ ಕಡೆ ಅಡಿಕೆ ತೋಟದಲ್ಲಿ ಕಾಣುವಂಥದ್ದೇ. ಆ ರಾತ್ರಿ ನಕ್ಕಷ್ಟು ಮತ್ತೆಂದೂ ನಕ್ಕಿಲ್ಲ. ಆ ನಗುವಿನಲ್ಲಿ ಲೇಖಕರ ಪಾಲೆಷ್ಟು, ಅಜ್ಜಿಯ ಪಾಲೆಷ್ಟು ಅಂತ ಇವತ್ತಿಗೂ ಬಿಡಿಸಲಾಗಿಲ್ಲ.

ಇನ್ನು ಲೇಖಕರ ಕಾರ್ಯಕ್ರಮ. ಶಿವಮೊಗ್ಗಕ್ಕೆ ನಮ್ಮಲ್ಲಿಂದ ಸುಮಾರು ಅರವತ್ತು ಕಿಲೋಮೀಟರ್. ಮಂಡಗದ್ದೆ, ಸಕ್ರೆಬೈಲು ದಾಟಿ ಹೋಗುವ ಬಸ್ಸು. ಕರ್ನಾಟಕ ಸಂಘವೆಂದರೆ ನನಗೆ ಮೊದಲಿನಿಂದಲೂ ಸಲುಗೆ. 1930ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಪುಸ್ತಕದ ಮಾತು ಕೇಳಲೆಂದೇ ಬರುವ ಜನ ಇದ್ದಾರೆ. ಕುವೆಂಪು ರಂಗಮಂದಿರದಲ್ಲಿ ಹಾಸ್ಯ ಭಾಷಣ ಇದ್ದರೆ ನಿಲ್ಲಲೂ ಜಾಗ ಸಿಗುವುದಿಲ್ಲ. ಅಂಥದ್ದಕ್ಕೂ ಹೋಗುತ್ತೇನೆ, ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ವಾಪಸು ಬಸ್ಸಿನಲ್ಲಿ ಗಾಜನೂರು ಬರುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ. ಪುಸ್ತಕದ ಹಾಸ್ಯ ಹಾಗಲ್ಲ. ಮೂರು ದಿನ ಬಿಟ್ಟು ಗೊಬ್ಬರ ಹೊರುವಾಗ ನೆನಪಾಗಿ ನಗು ಬರುತ್ತದೆ.

ಪುಸ್ತಕ ಬಿಡುಗಡೆಗೆ ಹೋಗುವುದಾದರೆ ನನ್ನದೊಂದು ಪದ್ಧತಿ. ಆಹ್ವಾನ ಪತ್ರಿಕೆಯ ಸಮಯಕ್ಕೆ ಮುಕ್ಕಾಲು ಗಂಟೆ ಸೇರಿಸಿಕೊಳ್ಳುತ್ತೇನೆ. ಮೂರನೇ ಸಾಲು, ದಾರಿ ಪಕ್ಕದ ಕುರ್ಚಿ, ಕೊನೆಯ ಬಸ್ಸಿಗೆ ಸದ್ದಿಲ್ಲದೆ ಏಳಲು. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಬಣ್ಣದ ಕಾಗದ ಬಿಚ್ಚುವುದು, ಇವೆಲ್ಲ ಮುಗಿಯುವ ಹೊತ್ತಿಗೆ ನಾನು ಹೊರಗಿನ ಮೇಜಿನಲ್ಲಿ ರಿಯಾಯಿತಿ ದರದಲ್ಲಿ ಪುಸ್ತಕ ಕೊಂಡು ಎರಡು ಪ್ರಬಂಧ ಓದಿ ಮುಗಿಸಿರುತ್ತೇನೆ. ಉಪ್ಪಿಟ್ಟಿನ ವಿಷಯ ಹೇಳುವುದಿಲ್ಲ, ಅದು ಎಲ್ಲ ಕಡೆಯೂ ಒಂದೇ.

ಸಹಿ ಹಾಕಿಸಿಕೊಳ್ಳುವಾಗ ಒಮ್ಮೆ ಮರ್ಯಾದೆ ಹೋಗಿದೆ. ಗಡಿಬಿಡಿಯಲ್ಲಿ ಚೀಲದಿಂದ ಬೇರೊಬ್ಬರ ಪುಸ್ತಕ ತೆಗೆದು ಮುಂದಿಟ್ಟೆ. ಆ ಲೇಖಕರು ಮೇಲೆ ಕೆಳಗೆ ನೋಡಿ, "ಇದು ನಾನು ಬರೆದದ್ದಲ್ಲ. ಆದರೆ ಚೆನ್ನಾಗಿದೆ, ಹಾಕಿಬಿಡ್ತೀನಿ" ಎಂದು ಸಹಿ ಹಾಕಿಯೇಬಿಟ್ಟರು. ಅದು ಈಗ ನಮ್ಮ ಕಪಾಟಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಪುಸ್ತಕ.

ಮೊದಲೆಲ್ಲ ಲೇಖಕರ ಹತ್ತಿರ ಹೋಗಿ "ತುಂಬಾ ಚೆನ್ನಾಗಿದೆ ಸರ್" ಎನ್ನುತ್ತಿದ್ದೆ. ಅವರು "ಧನ್ಯವಾದ" ಎನ್ನುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕಳೆದ ಕೊಯ್ಲು ಮುಗಿದ ಮೇಲೆ ಒಂದು ಕಾರ್ಯಕ್ರಮದಲ್ಲಿ ಧೈರ್ಯ ಮಾಡಿ ನಿಜ ಹೇಳಿದೆ. ನಿಮ್ಮ ಹಿಂದಿನ ಪುಸ್ತಕವನ್ನು ಸುಲಿಯುವವರಿಗೆ ಓದಿದೆ, ಮದುವೆ ಊಟದ ಪ್ರಬಂಧಕ್ಕೆ ಬಿದ್ದು ಬಿದ್ದು ನಕ್ಕರು, ಬಾಡಿಗೆ ಮನೆಯದಕ್ಕೆ ಯಾರೂ ನಗಲಿಲ್ಲ, ಒಬ್ಬ ಅಜ್ಜಿಯಂತೂ ಇಡೀ ಪುಸ್ತಕಕ್ಕೆ ಒಂದು ಸಲವೂ ನಗಲಿಲ್ಲ ಅಂತ.

ಅವರು ಪೆನ್ನು ಕೆಳಗಿಟ್ಟರು. ಹಿಂದೆ ಸಾಲು ಕಾಯುತ್ತಿತ್ತು. "ಬಾಡಿಗೆ ಮನೆಯದಕ್ಕೆ ಯಾಕೆ ನಗಲಿಲ್ಲ?" ಎಂದು ಕೇಳಿದರು. ನನಗೆ ತೋಚಿದ್ದು ಹೇಳಿದೆ. ನಮ್ಮ ಸಾಲಿನಲ್ಲಿ ಕೂರುವವರು ಯಾರೂ ಬಾಡಿಗೆ ಮನೆಯಲ್ಲಿ ಇದ್ದವರಲ್ಲ, ಸರ್. ಅವರಿಗೆ ಆ ಮನೆ ಮಾಲೀಕ ಬರೀ ಕೆಟ್ಟವನಾಗಿ ಕಂಡ, ತಮಾಷೆ ಕಾಣಲಿಲ್ಲ. ಅವರು ತಲೆಯಾಡಿಸಿ, ನನ್ನ ಹತ್ತಿರವೇ ಪೆನ್ಸಿಲ್ ಇಸಕೊಂಡು ಆಹ್ವಾನ ಪತ್ರಿಕೆಯ ಹಿಂದೆ ಏನೋ ಗೀಚಿಕೊಂಡರು. ಪೆನ್ಸಿಲ್ ವಾಪಸು ಕೊಡಲಿಲ್ಲ. ಹೊಸ ಪುಸ್ತಕದ ಮೊದಲ ಪುಟದಲ್ಲಿ ನನ್ನ ಹೆಸರು ಬರೆಯುವ ಬದಲು 'ಇಡೀ ಪುಸ್ತಕಕ್ಕೆ ನಗದೆ ನನ್ನ ಗರ್ವ ಸುಲಿದ ಅಜ್ಜಿಗೆ' ಎಂದು ಬರೆದು ಸಹಿ ಹಾಕಿದರು.

ಈ ವರ್ಷ ಸುಲಿಯುವ ಮಷೀನು ಬಂದಿದೆ. ಅದರ ಗದ್ದಲದಲ್ಲಿ ಓದಲು ಸಾಧ್ಯವೇ ಇಲ್ಲ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಮೂರ್ನಾಲ್ಕು ಜನ ಸೇರುತ್ತೇವೆ, ಅಜ್ಜಿಯೂ ಬರುತ್ತಾರೆ. ಮೊದಲ ದಿನ ಆ ಪುಸ್ತಕ ಬಿಚ್ಚಿ ಸಹಿಯ ಮೇಲಿನ ಸಾಲು ಓದಿದೆ. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು.

"ಇಷ್ಟು ಚೆನ್ನಾಗಿ ಬರ್ಯೋಕೆ ಬರ್ತದಲ್ಲ ಮಾರಾಯಂಗೆ. ಒಳಗೂ ಹೀಗೇ ಬರೆದಿದ್ರೆ ಎಂತ ಆಗ್ತಿತ್ತು?"