ಹುಣ್ಣಿಮೆ ಚಂದ್ರ ಫೋಟೋದಲ್ಲಿ ಬರೀ ಬಿಳಿ ಉಂಡೆ ಆಗ್ತಿತ್ತು, ಹೀಗೆ ಸರಿ ಮಾಡ್ದೆ

ಕಣ್ಣಿಗೆ ಕಲೆಗಳೆಲ್ಲ ಚೆನ್ನಾಗಿ ಕಾಣ್ತಿತ್ತು, ಫೋಟೋ ತೆಗೆದ್ರೆ ಮಾತ್ರ ಇಡ್ಲಿ ಥರ ಬಿಳಿ ಉಂಡೆ. ಕ್ಯಾಮೆರಾ ಡಿಎಸ್‌ಎಲ್‌ಆರ್, ಲೆನ್ಸ್ 250 ಎಂಎಂ.

ಆಟೋ ಮೋಡ್, ನೈಟ್ ಮೋಡ್ ಎರಡೂ ಆಗಿಲ್ಲ. ರಾತ್ರಿ ಅಲ್ವಾ ಅಂತ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 1600 ಇಟ್ಟು ಟ್ರೈಪಾಡ್ ಮೇಲೆ 2 ಸೆಕೆಂಡ್ ಶಟರ್ ತೆರೆದಿಟ್ಟೆ, ಇನ್ನೂ ಹಾಳಾಯ್ತು.

ತಪ್ಪಾಗಿದ್ದು ಏನಂದ್ರೆ, ಕ್ಯಾಮೆರಾ ಸುತ್ತಲಿನ ಕಪ್ಪು ಆಕಾಶ ನೋಡಿ ಬೆಳಕು ಜಾಸ್ತಿ ಮಾಡ್ತಿತ್ತು, ಆದ್ರೆ ಚಂದ್ರನ ಮೇಲೆ ಬಿದ್ದಿರೋದು ನೇರ ಬಿಸಿಲು, ಹಾಗಾಗಿ ಹಗಲು ಫೋಟೋ ತೆಗೆಯೋ ಥರಾನೇ ಸೆಟ್ಟಿಂಗ್ ಬೇಕು.

ಮೊದ್ಲು ಎಂ ಮೋಡ್ (ಎಲ್ಲಾ ನಾವೇ ಸೆಟ್ ಮಾಡೋದು), ಐಎಸ್‌ಒ 100, ಎಫ್/8 (ಲೆನ್ಸ್ ಒಳಗೆ ಬೆಳಕು ಬರೋ ಕಿಂಡಿಯ ಅಳತೆ), ಶಟರ್ 1/200 ಸೆಕೆಂಡ್. ಆಮೇಲೆ ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನಲ್ಲಿ ನೋಡೋದು) 10 ಪಟ್ಟು ಝೂಮ್ ಮಾಡಿ, ಆಟೋಫೋಕಸ್ ಆಫ್ ಮಾಡಿ, ಚಂದ್ರನ ಅಂಚು ಚೂಪಾಗೋವರೆಗೂ ಕೈಯಲ್ಲೇ ಫೋಕಸ್ ರಿಂಗ್ ತಿರುಗಿಸ್ಬೇಕು (ಲೆನ್ಸ್ ಮೇಲೆ ತುಂಬಾ ದೂರದ ಫೋಕಸ್‌ಗೆ ಅಂತ ಇರೋ ಇನ್ಫಿನಿಟಿ ಗುರುತು ನಂಬ್ಬೇಡಿ, ನನ್ನ ಲೆನ್ಸಲ್ಲಿ ಅದು ಸುಳ್ಳು). ಟ್ರೈಪಾಡ್ ಮೇಲಿದ್ರೆ ಸ್ಟೆಬಿಲೈಸರ್ (ಕೈ ನಡುಕ ಸರಿ ಮಾಡೋದು) ಆಫ್, 2 ಸೆಕೆಂಡ್ ಟೈಮರ್. ಆಗ ತೆಗೆದಿದ್ರಲ್ಲಿ ಕಲೆಗಳು, ಟೈಕೋ ಕುಳಿಯಿಂದ ಹೊರಡೋ ಬಿಳಿ ಗೆರೆಗಳು ಎಲ್ಲಾ ಬಂತು.

ಚಂದ್ರ ಈಗಷ್ಟೇ ಹುಟ್ಟಿ ಕೆಂಪಗಿದ್ರೆ ಶಟರ್ 1/60 ಇಂದ ಶುರು ಮಾಡಿ. ಕುಳಿಗಳ ಆಳ ಕಾಣ್ಬೇಕು ಅಂದ್ರೆ ಅಷ್ಟಮಿ ಹತ್ರ ತೆಗೀರಿ, ಹುಣ್ಣಿಮೇಲಿ ನೆರಳೇ ಬೀಳಲ್ಲ.