ಮೂವತ್ತೆರಡನೇ ವಯಸ್ಸಿಗೆ ನಾನು ಜಿಎನ್‌ಎಂ ನರ್ಸಿಂಗ್ ಕೋರ್ಸು ಸೇರಿದ್ದು ಹೀಗೆ

ಗುಳೇದಗುಡ್ಡದ ಒಂದು ಪತ್ತಿನ ಸಂಘದಲ್ಲಿ ಒಂಬತ್ತು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದೆ. ಪಿಗ್ಮಿ ಲೆಕ್ಕ, ಬಂಗಾರದ ಸಾಲ, ವಸೂಲಿ ಪಟ್ಟಿ, ಇಷ್ಟೇ ನನ್ನ ದಿನ. ಮನೆಯಲ್ಲಿ ಖಣ ನೇಯುವ ಮಗ್ಗ, ಯಜಮಾನರದು ಅದೇ ಕೆಲಸ. ನರ್ಸಿಂಗ್ ಅನ್ನೋ ಮಾತು ತಲೆಯಲ್ಲಿ ಸುಳಿದಿರಲೇ ಇಲ್ಲ.

2021ರಲ್ಲಿ ನಮ್ಮ ಮಾವನವರ ಪಾದಕ್ಕೆ ಸಕ್ಕರೆ ಕಾಯಿಲೆಯಿಂದ ಗಾಯವಾಯಿತು. ಬಾಗಲಕೋಟೆಯಲ್ಲಿ ಹದಿನೈದು ದಿನ ಆಸ್ಪತ್ರೆ, ಆಮೇಲೆ ಮೂರು ತಿಂಗಳು ಮನೆಯಲ್ಲೇ ಡ್ರೆಸ್ಸಿಂಗ್. ವಾರ್ಡಿನ ಸಿಸ್ಟರ್ ಒಬ್ಬರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. "ತಂಗಿ, ಒಂದು ಗಾಜ್ ಬಟ್ಟಿ ಒಂದೇ ಸಲ. ನಡುವಿನಿಂದ ಹೊರಗ ಒರಸು, ಹೊರಗಿಂದ ಒಳಗ ತರಬ್ಯಾಡ." ಅಷ್ಟೇ ಮಾತು. ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಸಲೈನ್ ನೀರಿನಲ್ಲಿ ಗಾಯ ತೊಳೆಯುತ್ತಿದ್ದೆ. ಮೊದಲು ಬೂದು ಬಣ್ಣ ಇತ್ತು. ಒಂದು ತಿಂಗಳಾದ ಮೇಲೆ ಅಂಚಿನಲ್ಲಿ ಕೆಂಪು ಮಾಂಸ ಕಾಣಿಸಿತು, ದಾಳಿಂಬೆ ಕಾಳಿನ ಹಾಗೆ. ಆ ದಿನ ಆದ ಖುಷಿ ಒಂಬತ್ತು ವರ್ಷದ ಕೌಂಟರಿನಲ್ಲಿ ಒಂದು ದಿನವೂ ಆಗಿರಲಿಲ್ಲ. "ನಿನ್ನ ಕೈ ಹಗುರ ಐತಿ ಬಿಡವ್ವಾ" ಅಂದರು ಮಾವ. ನನಗೆ ಆ ಗಾಯದ ವಾಸನೆಗೆ ಹೇಸಿಗೆ ಬರಲಿಲ್ಲ. ಆಗಲೇ ಯೋಚನೆ ಶುರುವಾಯಿತು.

ಮೊದಲು ಮಾಡಿದ ಕೆಲಸವೆಂದರೆ ಟ್ರಂಕಿನಿಂದ ಪಿಯುಸಿ ಅಂಕಪಟ್ಟಿ ತೆಗೆದದ್ದು. ನನ್ನದು ಕಾಮರ್ಸ್. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು, ಜೊತೆಗೆ ಇಂಗ್ಲಿಷ್. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಮತ್ತೆ ವಿಜ್ಞಾನ ಪಾಸು ಮಾಡಿಕೊಳ್ಳಬಹುದು ಎಂದು ಕೆಲವರು ಹೇಳಿದರು. ಲೆಕ್ಕ ಹಾಕಿದೆ. ಅದಕ್ಕೊಂದು ವರ್ಷ, ಮೇಲೆ ನಾಲ್ಕು ವರ್ಷ. ಮನೆಯಲ್ಲಿ ಐದು ವರ್ಷದ ಮಗಳು.

ಎಎನ್‌ಎಂ ಎರಡು ವರ್ಷದ ಕೋರ್ಸು, ಹೆಣ್ಣುಮಕ್ಕಳಿಗೆ ಮಾತ್ರ. ಹಳ್ಳಿಯ ಉಪಕೇಂದ್ರದಲ್ಲಿ ಬಸುರಿ, ಬಾಣಂತಿ, ಲಸಿಕೆ ನೋಡುವ ಕೆಲಸ. ಒಳ್ಳೆಯ ಕೆಲಸವೇ. ಆದರೆ ನನಗೆ ಬೇಕಿದ್ದದ್ದು ವಾರ್ಡು, ಗಾಯ, ಹಾಸಿಗೆ ಪಕ್ಕದ ಆರೈಕೆ. ಉಳಿದದ್ದು ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ. ಮೂರು ವರ್ಷ, ಅದರಲ್ಲಿ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಪಿಯುಸಿ ಯಾವ ವಿಭಾಗವಾದರೂ ನಡೆಯುತ್ತದೆ, ಶೇ. 40 ಅಂಕ ಮತ್ತು ಇಂಗ್ಲಿಷ್ ಇರಬೇಕು. ವಯಸ್ಸಿನ ಮಿತಿ 35. ನನಗಾಗ 32. ಮುಂದೆ ಬೇಕೆನಿಸಿದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡಿ ಪದವಿಯನ್ನೂ ಪಡೆಯಬಹುದು. ದಾರಿ ಸುತ್ತು ಹೌದು, ಆದರೆ ನನ್ನ ಅಂಕಪಟ್ಟಿಗೆ ಅದೊಂದೇ ನೇರ ದಾರಿ.

ಒಂದು ವಿಷಯ ಬಿಡಿಸಿ ಹೇಳಬೇಕು. ವಿಜ್ಞಾನ ಓದಿದವರು, ವಯಸ್ಸು ಕಡಿಮೆ ಇರುವವರು ಬಿ.ಎಸ್‌ಸಿ.ಗೇ ಹೋಗಲಿ. ಈಗ ಸರ್ಕಾರಿ ಸೀಟುಗಳು ಸಿಇಟಿ ಬರೆದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸಿಗುತ್ತವೆ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಬಿ.ಎಸ್‌ಸಿ.ಯವರು ನೇರವಾಗಿ ಕೂರಬಹುದು. ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಈ ವ್ಯತ್ಯಾಸ ತಿಳಿದುಕೊಂಡೇ ನಾನು ಜಿಎನ್‌ಎಂ ಆರಿಸಿಕೊಂಡೆ.

ಕಾಲೇಜು ಹುಡುಕುವಾಗ ಒಂದು ಪೆಟ್ಟು ತಿಂದೆ. ಒಬ್ಬ ಏಜೆಂಟ್ ಸಿಕ್ಕ. "ಅಕ್ಕಾರ, ನೀವು ಮನ್ಯಾಗ ಇರ್ರಿ, ಪರೀಕ್ಷಾಕ್ಕ ಅಷ್ಟ ಬರ್ರಿ, ಹಾಜರಿ ನಾವು ನೋಡ್ಕೋತೀವಿ" ಅಂದ. ಮನೆ, ಮಗಳು, ಮಗ್ಗ ಎಲ್ಲ ಕಣ್ಣ ಮುಂದೆ ಬಂದು ಐದು ಸಾವಿರ ಮುಂಗಡ ಕೊಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಇಂಜೆಕ್ಷನ್ ಕೊಡುವುದನ್ನು ಮನೆಯಲ್ಲಿ ಕೂತು ಹೇಗೆ ಕಲಿಯುವುದು? ಮಾವನ ಕಾಲಿಗೆ ಹಾಗೆ ಕಲಿತವರು ಕೈ ಹಚ್ಚಿದ್ದರೆ? ಮರುದಿನ ಬೇಡವೆಂದೆ. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಆರು ತಿಂಗಳ ನರ್ಸಿಂಗ್, ಅಂಚೆ ಮೂಲಕ ನರ್ಸಿಂಗ್ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಂಥ ಕಾಗದ ಹಿಡಿದುಕೊಂಡು ಹೋದರೆ ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದವರು ನರ್ಸ್ ಅಲ್ಲ.

ಆಗ ನೆನಪಾದವರು ಅದೇ ಸಿಸ್ಟರ್. ಹುಡುಕಿಕೊಂಡು ಹೋದೆ. ಅವರು ಹೇಳಿದ ಮಾತು ನನ್ನ ಆಯ್ಕೆಯನ್ನೇ ತೀರ್ಮಾನಿಸಿತು: "ಕಾಲೇಜ್ ಬಿಲ್ಡಿಂಗ್ ನೋಡಬ್ಯಾಡ. ಅದರ ಆಸ್ಪತ್ರಿ ವಾರ್ಡ್ ನೋಡು."

ಹಾಗೇ ಮಾಡಿದೆ. ಬಾಗಲಕೋಟೆಯಲ್ಲಿ ಎರಡು, ವಿಜಯಪುರದಲ್ಲಿ ಒಂದು ಕಡೆ ಹೋಗಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಸುಮ್ನೆ ಕೂತೆ. ಹಾಸಿಗೆಗಳು ತುಂಬಿವೆಯಾ? ವಿದ್ಯಾರ್ಥಿಗಳ ಜೊತೆ ಮೇಡಂ ವಾರ್ಡಿಗೆ ಬರುತ್ತಾರಾ? ಹೆರಿಗೆ ವಾರ್ಡ್ ನಡೆಯುತ್ತಿದೆಯಾ? ಒಂದು ಕಡೆ ಬೋರ್ಡಿನಲ್ಲಿ 100 ಹಾಸಿಗೆ ಅಂತ ಇತ್ತು. ಮಲಗಿದ್ದವರನ್ನು ಎಣಿಸಿದೆ, ಹನ್ನೊಂದು ಜನ. ಹೆರಿಗೆ ನೋಡದೆ, ಮಾಡಿಸದೆ, ನಾವು ಕಂಡದ್ದನ್ನು ದಾಖಲಿಸುವ ಕೇಸ್ ಬುಕ್ಕಿನಲ್ಲಿ ಬರೆಯುವುದು ಏನನ್ನು? ರೋಗಿಗಳು ಗಿಜಿಗುಟ್ಟುತ್ತಿದ್ದ ಹಳೆಯ ಕಟ್ಟಡದ ಆಸ್ಪತ್ರೆಯನ್ನೇ ಆರಿಸಿದೆ. ಫೀಸು, ಪರೀಕ್ಷಾ ಶುಲ್ಕ, ಸಮವಸ್ತ್ರ, ಹಾಸ್ಟೆಲ್, ಮೂರೂ ವರ್ಷದ್ದನ್ನು ಕಾಗದದ ಮೇಲೆ ಬರೆಸಿಕೊಂಡೆ. ಇದು ಕ್ಯಾಶ್ ಕೌಂಟರ್ ಕಲಿಸಿದ ಅಭ್ಯಾಸ.

ಮನೆಯಲ್ಲಿ ಅತ್ತೆಗೆ ಒಂದೇ ಚಿಂತೆ. "ರಾತ್ರಿ ಪಾಳಿ ಇರತಾವಂತ. ಕೂಸಿನ್ನ ಯಾರ ನೋಡತಾರ?" ಉತ್ತರ ಕೊಟ್ಟವರು ಮಾವ. "ನಾ ಅದೀನಲ್ಲ. ನನ್ನ ಕಾಲ ಉಳಿಸ್ಯಾಳ ಆಕಿ." ಅಲ್ಲಿಗೆ ಮಾತು ಮುಗಿಯಿತು. ಉಳಿತಾಯದ ಜೊತೆಗೆ ನನ್ನ ಬಳೆ ಅಡವಿಟ್ಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗುಳೇದಗುಡ್ಡದಿಂದ ಬಾಗಲಕೋಟೆಗೆ ಬಸ್ ಖರ್ಚು ಉಳಿಯಿತು. ಆ ಬಸ್ಸಿನಲ್ಲೇ ಅರ್ಧ ಓದು.

ಓದು ಕಷ್ಟವಾಯಿತು. ಹತ್ತನೇ ಇಯತ್ತೆವರೆಗೆ ಕನ್ನಡ ಮಾಧ್ಯಮ, ಇಲ್ಲಿ ಅನಾಟಮಿಯ ಪುಸ್ತಕ ಪೂರ್ತಿ ಇಂಗ್ಲಿಷ್. ಒಂದು ಪಿಗ್ಮಿ ಡೈರಿಯಲ್ಲಿ ಎರಡು ಕಾಲಂ ಹಾಕಿದೆ. ಇಡೀಮಾ ಅಂದರೆ ಬಾವು. ಡಿಸ್ಪ್ನಿಯಾ ಅಂದರೆ ಏದುಸಿರು. ದಿನಕ್ಕೆ ಹತ್ತು ಪದ. ಆರು ತಿಂಗಳಲ್ಲಿ ಪುಸ್ತಕ ತಿಳಿಯತೊಡಗಿತು. ಹದಿನೆಂಟರ ಹುಡುಗಿಯರು ನನ್ನನ್ನು "ಅಕ್ಕಾ" ಅನ್ನುತ್ತಿದ್ದರು. ಅವರು ನನಗೆ ಇಂಗ್ಲಿಷ್ ಬಿಡಿಸಿ ಹೇಳುತ್ತಿದ್ದರು, ನಾನು ಅವರಿಗೆ ಲೆಕ್ಕ. 500 ಎಂ.ಎಲ್. ಸಲೈನ್ ನಾಲ್ಕು ತಾಸಿನಲ್ಲಿ ಹೋಗಬೇಕು, ಹನಿ ಹಾಕುವ ಸೆಟ್ಟಿನಲ್ಲಿ ಒಂದು ಎಂ.ಎಲ್.ಗೆ 20 ಹನಿ. ಹತ್ತು ಸಾವಿರ ಹನಿಯನ್ನು 240 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಗಡಿಯಾರ ಹಿಡಿದು ಎಣಿಸಿ ತೋರಿಸುತ್ತಿದ್ದೆ.

ಹಳೆಯ ಕೆಲಸ ಎಲ್ಲಕ್ಕಿಂತ ಜಾಸ್ತಿ ನೆರವಿಗೆ ಬಂದದ್ದು ಬೇರೆ ಕಡೆ. ಎರಡನೇ ವರ್ಷ ಒಂದು ದಿನ ಮಾತ್ರೆ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತು "ಯಲ್ಲವ್ವ ಯಾರ್ರೀ?" ಎಂದೆ. ಇಬ್ಬರು ಕೈ ಎತ್ತಿದರು. ಹತ್ತಿರದವರ ಕೈಗೆ ಮಾತ್ರೆ ಕೊಡಲು ಹೋದೆ. ಹಿಂದಿದ್ದ ಸೀನಿಯರ್ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದರು. ಆ ಮಾತ್ರೆ ಇನ್ನೊಬ್ಬ ಯಲ್ಲವ್ವನದು, ಬಿ.ಪಿ.ಯದು. ಕೈ ನಡುಗಿಬಿಟ್ಟಿತು. ಕೌಂಟರಿನಲ್ಲಿ ನೋಟು ಎರಡು ಸಲ ಎಣಿಸದೆ ಒಂದು ದಿನವೂ ಕೊಟ್ಟವಳಲ್ಲ ನಾನು, ಇಲ್ಲಿ ಒಮ್ಮೆಯೂ ಎಣಿಸಿರಲಿಲ್ಲ. ಅಂದಿನಿಂದ ಐಪಿ (ಒಳರೋಗಿ) ನಂಬರ್, ಅವರ ಬಾಯಲ್ಲೇ ಪೂರ್ತಿ ಹೆಸರು, ಔಷಧ, ಪ್ರಮಾಣ, ಹೊತ್ತು, ಕೊಡುವ ಬಗೆ, ಎಲ್ಲ ಎರಡು ಸಲ.

ಮೂರನೇ ವರ್ಷ ಹೆರಿಗೆ ವಾರ್ಡಿನ ರಾತ್ರಿ ಪಾಳಿಗೆ ಹಾಸ್ಟೆಲ್‌ನಲ್ಲೇ ಉಳಿದೆ. ಮಗಳು ಫೋನಿನಲ್ಲಿ ಅತ್ತಾಗ ಹೊಟ್ಟೆ ಹಿಂಡಿದಂತಾಗುತ್ತಿತ್ತು. ಅದಕ್ಕೆ ಪರಿಹಾರ ನನಗೆ ಸಿಗಲಿಲ್ಲ, ದಿನ ಎಣಿಸಿದೆ ಅಷ್ಟೇ.

2025ರ ಕೊನೆಗೆ ಮುಗಿಯಿತು. ಈಗ ಅದೇ ಜಿಲ್ಲೆಯಲ್ಲಿ ಸ್ಟಾಫ್ ನರ್ಸ್. ಶುರುವಿನ ಸಂಬಳ ಹಳೆಯ ಸಂಬಳಕ್ಕಿಂತ ಸ್ವಲ್ಪವೇ ಜಾಸ್ತಿ, ಬಳೆ ಇನ್ನೂ ಬಿಡಿಸಿಲ್ಲ. ಅದನ್ನು ಬಿಡಿಸಿಕೊಂಡ ಮೇಲೆ ಪೋಸ್ಟ್ ಬೇಸಿಕ್ ಅರ್ಜಿ.

ಮೊನ್ನೆ ಓಣಿಯ ಹುಡುಗಿಯೊಬ್ಬಳು ಬಂದಿದ್ದಳು. ಬಟ್ಟೆ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕೆಲಸ, ಪಿಯುಸಿ ವಿಜ್ಞಾನ, 51 ಪರ್ಸೆಂಟ್. "ಅಕ್ಕಾ, ನಾನೂ ಜಿಎನ್‌ಎಂ ಮಾಡಲೇನ್ರಿ?" ಎಂದಳು. ಬೇಡ, ನಿನಗೆ ಬಿ.ಎಸ್‌ಸಿ. ಬಾಗಿಲು ತೆರೆದಿದೆ, ಮೊದಲು ಸಿಇಟಿ ನೋಡು ಎಂದೆ. ಗುರುವಾರ ನನಗೆ ರಜೆ. ಬೆಳಗಿನ ಏಳರ ಬಸ್ಸಿಗೆ ಇಬ್ಬರೂ ಹೋಗಿ, ಎಂಟಕ್ಕೆಲ್ಲ ವಾರ್ಡಿನ ಮುಂದಿನ ಬೆಂಚಿನ ಮೇಲೆ ಕೂರುತ್ತೇವೆ.